ಜೀನ್ ಸುಮ್ಮನಾಯಿತೆಂದು ತಿಳಿಯುವುದು ಹೇಗೆ?



ಈ ವಿಜ್ಞಾನ ಪ್ರದರ್ಶನದಲ್ಲಿ ಪ್ಲಾಸ್ಮಿಡ್ ಎಂಬ ಹೆಸರು ಕಂಡು ಯಾರೂ ಹಿಂಜರಿಯಬೇಕಿಲ್ಲ. ಅದರ ಕೆಲಸದ ಫಲ ಬಳ್ಳಾರಿ ಜಿಲ್ಲೆಯ ಎರೆಹೊಲಗಳಿಗೆ ಎಂದೋ ಬಂದಿದೆ. 2002ರಲ್ಲಿ ಭಾರತ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಕಾಯಿಕೊರಕಕ್ಕೆ ವಿಷವಾಗುವ ಪ್ರೋಟೀನಿನ ಜೀನನ್ನು ಹತ್ತಿಯೊಳಕ್ಕೆ ಸೇರಿಸಿದ್ದು ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯದ ಪ್ಲಾಸ್ಮಿಡ್. ಬ್ಯಾಕ್ಟೀರಿಯದ ಮುಖ್ಯ ಡಿಎನ್‌ಎಯಿಂದ ಬೇರೆಯಾಗಿದ್ದು, ತಾನೇ ನಕಲಾಗುವ ಉಂಗುರಾಕಾರದ ಪುಟ್ಟ ಡಿಎನ್‌ಎ ಅದು.

ಅದೇ 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೆದರ್ಲೆಂಡ್ಸ್ ಕ್ಯಾನ್ಸರ್ ಸಂಸ್ಥೆಯಲ್ಲಿ ಬ್ರುಮ್ಮೆಲ್‌ಕಾಂಪ್, ಬರ್ನಾರ್ಡ್ಸ್ ಮತ್ತು ಅಗಾಮಿ ಪ್ಲಾಸ್ಮಿಡ್ಡಿಗೆ ತದ್ವಿರುದ್ಧದ ಕೆಲಸ ಹಚ್ಚಿದರು. ಹೊಸ ಜೀನ್ ಸೇರಿಸುವುದಲ್ಲ, ಇರುವ ಜೀನನ್ನು ಸುಮ್ಮನಾಗಿಸುವುದು. ಇಂಥ ಪ್ಲಾಸ್ಮಿಡ್ ಹೊಕ್ಕ ಕೋಶದಲ್ಲಿ ಹೇರ್‌ಪಿನ್ ಆಕಾರಕ್ಕೆ ಮಡಚಿಕೊಂಡ ಆರ್‌ಎನ್‌ಎ ಹುಟ್ಟುತ್ತದೆ. ಡೈಸರ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಆ ತುಣುಕಿಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎ ನಾಶವಾಗುತ್ತದೆ. ಜೀನ್ ಇದ್ದಲ್ಲೇ ಇರುತ್ತದೆ, ಅದರ ಪ್ರೋಟೀನ್ ಮಾತ್ರ ತಯಾರಾಗುವುದಿಲ್ಲ, ಇಲ್ಲವೇ ತೀರ ಕಡಿಮೆಯಾಗುತ್ತದೆ. ಈ ಮೂಲ ತತ್ವವನ್ನು 1998ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಕಂಡ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 2006ರ ನೊಬೆಲ್ ಪಡೆದರು.

ಇನ್ನು ಪ್ರಯೋಗಾಲಯದ ಇಲಿಯ ಕಥೆ. ಡಬಲ್‌ಕಾರ್ಟಿನ್ ಎಂಬ ಜೀನ್ ಕೆಟ್ಟರೆ ಮನುಷ್ಯರ ಮೆದುಳಿನ ನರಕೋಶಗಳು ತಮ್ಮ ಜಾಗ ಸೇರುವುದಿಲ್ಲ. ಮೂರ್ಛೆರೋಗ, ಬುದ್ಧಿಮಾಂದ್ಯತೆ ಕಾಡುತ್ತವೆ. ಚಿಟ್ಟಿಲಿಗಳಲ್ಲಿ ಈ ಜೀನನ್ನೇ ತೆಗೆದುಹಾಕಿದರೂ ಮೆದುಳಿನ ಹೊರಪದರ ಹೆಚ್ಚುಕಡಿಮೆ ಸರಿಯಾಗಿಯೇ ಬೆಳೆಯಿತು. ಆದರೆ 2003ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೋಸೆಫ್ ಲೊಟುರ್ಕೊ ತಂಡ, ಗರ್ಭದಲ್ಲಿದ್ದ ಇಲಿಮರಿಗಳ ಮೆದುಳಿಗೆ ಈ ಜೀನನ್ನು ಸುಮ್ಮನಾಗಿಸುವ ಪ್ಲಾಸ್ಮಿಡ್ ಚುಚ್ಚಿ, ಕ್ಷಣಮಾತ್ರ ವಿದ್ಯುತ್ ಹರಿಸಿ ಕೋಶಗಳೊಳಕ್ಕೆ ನುಗ್ಗಿಸಿದಾಗ ನರಕೋಶಗಳು ಅರ್ಧದಾರಿಯಲ್ಲೇ ನಿಂತವು. ಒಂದೇ ಜೀನ್, ಎರಡು ಉತ್ತರ!

2014ರಲ್ಲಿ ಜೋಸೆಫ್ ಗ್ಲೀಸನ್ ತಂಡ ಇದನ್ನು ಕೆದಕಿತು. ಡಬಲ್‌ಕಾರ್ಟಿನ್ ಇಲ್ಲವೇ ಇಲ್ಲದ ಚಿಟ್ಟಿಲಿಗಳಿಗೆ ಅದನ್ನೇ ಸುಮ್ಮನಾಗಿಸುವ ಹೇರ್‌ಪಿನ್ ಪ್ಲಾಸ್ಮಿಡ್ ಕೊಟ್ಟರು. ಸುಮ್ಮನಾಗಿಸಲು ಅಲ್ಲಿ ಜೀನೇ ಇರಲಿಲ್ಲ. ಆದರೂ ನರಕೋಶಗಳು ನಿಂತುಬಿಟ್ಟವು. ಹೋಲಿಕೆಗೆಂದು ಆರ್‌ಎನ್‌ಎಯ ಅಕ್ಷರಗಳ ಕ್ರಮ ಕಲಸಿ ಮಾಡಿದ ಕೆಲವು ಹೇರ್‌ಪಿನ್‌ಗಳೂ ಅದನ್ನೇ ಮಾಡಿದವು. ಕೋಶದ ಸ್ವಂತ ಪುಟ್ಟ ಆರ್‌ಎನ್‌ಎಗಳಾದ ಮೈಕ್ರೋ ಆರ್‌ಎನ್‌ಎಗಳ, ಮುಖ್ಯವಾಗಿ ಲೆಟ್-7 ಎಂಬುದರ, ಪ್ರಮಾಣ ಏರುಪೇರಾಗಿತ್ತು. ಸಾಧನವೇ ಕೋಶವನ್ನು ಕೆಡಿಸುತ್ತಿತ್ತು. ಈ ಕ್ಷೇತ್ರದ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ: ಪ್ರಯೋಗವನ್ನಷ್ಟೇ ಅಲ್ಲ, ಹೋಲಿಕೆಯ ಪ್ರಯೋಗವನ್ನೂ ಪರೀಕ್ಷಿಸಬೇಕು.

ಕರ್ನಾಟಕದಲ್ಲೂ ಈ ಹಾದಿಯಲ್ಲಿ ಗಟ್ಟಿ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಂ.ಆರ್.ಎಸ್. ರಾವ್ ಅವರ ತಂಡ, ಚಿಟ್ಟಿಲಿಯ ವೀರ್ಯಾಣು ಹುಟ್ಟಿಸುವ ಕೋಶಗಳಲ್ಲಿ ಎಂಆರ್‌ಎಚ್‌ಎಲ್ ಎಂಬ, ಪ್ರೋಟೀನ್ ಮಾಡದ ಆರ್‌ಎನ್‌ಎಯನ್ನು ಮೌನಗೊಳಿಸಿ, ಅದು ವಿಂಟ್ ಎಂಬ ಸಂಕೇತವ್ಯವಸ್ಥೆಗೆ ಕಡಿವಾಣ ಹಾಕುತ್ತದೆಂದು 2012ರಲ್ಲಿ ತೋರಿಸಿತು.

ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಇಲಿ ಶತ್ರು. ಪ್ರಯೋಗಾಲಯದಲ್ಲಿ ಅದರ ನೋವಿಗೆ ಮನುಷ್ಯ ಉತ್ತರದಾಯಿ. 1959ರಲ್ಲಿ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ ಹೇಳಿದ ಮಾತು ಇಂದಿಗೂ ನಡೆಯಬೇಕಾದ ಮಾತು: ಪ್ರಾಣಿಯ ಬದಲು ಬೇರೆ ದಾರಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಹೋಲಿಕೆ ಸರಿಯಿಲ್ಲದ ಪ್ರಯೋಗದಲ್ಲಿ ಸತ್ತ ಇಲಿ ವ್ಯರ್ಥವಾಗಿ ಸತ್ತಂತೆ. ಕೋಶಗಳಲ್ಲೇ ಉತ್ತರ ಸಿಗುವ ಪ್ರಶ್ನೆಗೆ ಇಲಿಯನ್ನು ಮುಟ್ಟಲೇಬಾರದು.

ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ, 2010ರಿಂದ ವಿಶ್ವವಿದ್ಯಾಲಯವಿದೆ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಇಲ್ಲಿನ ಮಕ್ಕಳು ಸಂಶೋಧಕರಾಗಲು ಬೇಕಾದ ಮೊದಲ ಮೆಟ್ಟಿಲುಗಳು ಊರಲ್ಲೇ ಇವೆ. ವಿದ್ಯಾರ್ಥಿಗಳೇ, ಇಂದು ಪ್ರತಿ ಮಳಿಗೆಯ ಮುಂದೆಯೂ ನಿಂತು, ಸಂಕೋಚಪಡದೆ ಕೇಳಿ: ಇದನ್ನು ಯಾವುದರ ಜೊತೆ ಹೋಲಿಸಿ ನೋಡಿದಿರಿ? ಪ್ರದರ್ಶನ ಈಗ ಎಲ್ಲರಿಗೂ ತೆರೆದಿದೆ.