ರಿಂಗಿನಲ್ಲಿ ಬಟ್ಟೆ ಕೂರಿಸುವ ಬಗೆ
(ನಮ್ಮ ಉಚಿತ ವಾಚನಾಲಯದ ಹೊಲಿಗೆ ತರಗತಿಯಲ್ಲಿ ಮಾಡಿದ ಭಾಷಣ)



ಹೊಲಿಗೆಯ ವಿಷಯ ಹೇಳಲು ಗಿರಣಿಯ ಗುಮಾಸ್ತರಾದ ನಾವೇಕೆ ಎದ್ದು ನಿಂತೆವೆಂದು ತಾವು ಕೇಳಬಹುದು. ಸೂಜಿ ಹಿಡಿಯುವ ಕೈ ನಮ್ಮದಲ್ಲ, ನಿಜ. ಆದರೆ ಭಿವಂಡಿಯ ಗಿರಣಿಯಲ್ಲಿ ಕೆಟ್ಟ ಬಟ್ಟೆಯ ಲೆಕ್ಕ ಬರೆಯುವವರು ನಾವು. ಬಟ್ಟೆ ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು ಎಂದು ವಿಚಾರಿಸುವುದು ನಿತ್ಯದ ಕೆಲಸ. ಅದೂ ಅಲ್ಲದೆ, ಈ ಪಾಠ ನಮ್ಮ ಮನೆಯಲ್ಲಿಯೇ ಆಯಿತು. ಅದಕ್ಕೆ ದಂಡವನ್ನೂ ತೆತ್ತಿದ್ದೇವೆ.

ಕಳೆದ ವರ್ಷ ಶಾಲೆ ತೆರೆಯುವ ಮುನ್ನ ನಮ್ಮ ಮನೆಯವರು ವ್ಯಾಪಾರಿಯೊಬ್ಬರಿಂದ ಹನ್ನೆರಡು ಟೀ-ಶರ್ಟುಗಳನ್ನು ಕೆಲಸಕ್ಕೆ ತಂದರು. ಎದೆಯ ಮೇಲೆ ಮಷೀನಿನಲ್ಲಿ ಶಾಲೆಯ ಚಿಹ್ನೆ ಕಸೂತಿ ಮಾಡಬೇಕು. ಬಟ್ಟೆ ತಮಟೆಯಂತೆ ಬಿಗಿಯಾಗಿರಬೇಕೆಂದು ಯಾರೋ ಹೇಳಿದ್ದರು. ಅದನ್ನು ನಂಬಿ, ರಿಂಗಿಗೆ ಹಾಕಿದ ಮೇಲೆ ನಾಲ್ಕೂ ಕಡೆ ಜಗ್ಗಿದರು. ಮಷೀನಿನ ಮೇಲೆ ಚಿಹ್ನೆ ಚೆನ್ನಾಗಿಯೇ ಕಂಡಿತು. ರಿಂಗು ಬಿಚ್ಚಿದೊಡನೆ ಬಟ್ಟೆ ತನ್ನ ಮೊದಲಿನ ಅಳತೆಗೆ ಕುಗ್ಗಿತು, ದಾರ ಕುಗ್ಗಲಿಲ್ಲ; ಚಿಹ್ನೆಯ ಸುತ್ತ ನೆರಿಗೆ ಬಿತ್ತು. ಇಸ್ತ್ರಿಗೆ ಹೋದೀತೆಂದು ನಾಲ್ಕು ಮುಗಿಸಿದರು. ಹೋಗಲಿಲ್ಲ. ಆ ನಾಲ್ಕರ ಬೆಲೆ ಕಡಿದಾಗ ಹನ್ನೆರಡರ ಕೂಲಿಯೂ ಸಾಲದೆ ಕೈಯಿಂದ ಕೊಡಬೇಕಾಯಿತು. ಅವರು ಎರಡು ದಿನ ಮಷೀನು ಮುಟ್ಟಲಿಲ್ಲ.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ಡೊಂಬಿವಲಿ, ಕಲ್ಯಾಣ, ಉಲ್ಲಾಸನಗರದ ಸುತ್ತ ಹೀಗೆ ಮನೆಗೆ ಕೆಲಸ ತರುವ ತಾಯಂದಿರು ಬಹಳ. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಆರಂಭವಾಗಿ ಸಂಬಳ ನಿಂತಾಗ, ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಕೆಲಸವೇ ಒಲೆ ಹೊತ್ತಿಸಿದ್ದನ್ನು ಇಲ್ಲಿಯ ಹಿರಿಯರು ಬಲ್ಲರು. ಇಂಥ ದುಡಿಮೆಯಲ್ಲಿ ಒಂದು ಬಟ್ಟೆ ಕೆಟ್ಟರೆ ಹಲವು ಬಟ್ಟೆಗಳ ಶ್ರಮ ನೀರಿಗೆ ಹೋಗುತ್ತದೆ.

ನಮ್ಮ ಧಾರವಾಡದ ಕಡೆಯ ಕಸೂತಿಯನ್ನು ನೆನೆಯಿರಿ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಅಜ್ಜಿಯರು ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿ ವೃಂದಾವನಗಳನ್ನು ತೆಗೆದರು. ಬಟ್ಟೆಯ ಮೇಲೆ ಗೆರೆ ಬರೆದುಕೊಂಡವರಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿದವರು. ಎಳೆ ಎಣಿಸುವ ಆ ಕಣ್ಣೇ ಇಂದು ರಿಂಗಿಗೂ ಬೇಕು. ರಿಂಗಿನೊಳಗೆ ಹಾಸು ನೇರವಾಗಿ, ಹೊಕ್ಕು ಅಡ್ಡವಾಗಿ ಇರಬೇಕು. ಬಟ್ಟೆ ಸಡಿಲವೂ ಆಗಬಾರದು, ಹಿಗ್ಗಲೂ ಬಾರದು. ಸೂಜಿಯ ಎಳೆತವನ್ನು ತಾಳಬೇಕಾದದ್ದು ಕೆಳಗಿನ ಆಸರೆ, ಬಟ್ಟೆಯಲ್ಲ.

ಕ್ರಮ ಹೀಗೆ. ಹತ್ತಿಯ ಹೊಸ ಬಟ್ಟೆಯನ್ನು ಮೊದಲು ಒಗೆದು ಇಸ್ತ್ರಿ ಮಾಡಿ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಚಿತ್ರ ಹಿಡಿಯುವಷ್ಟು, ಸುತ್ತ ಬೆರಳಗಲ ಹೆಚ್ಚಿರುವ ರಿಂಗು ಸಾಕು. ದೊಡ್ಡ ರಿಂಗಿನಲ್ಲಿ ಬಟ್ಟೆ ನಡುವೆ ತೂಗಾಡುತ್ತದೆ. ಕೈ ಕಸೂತಿಯಲ್ಲಿ ಒಳರಿಂಗು ಬಟ್ಟೆಯ ಕೆಳಗಿರುತ್ತದೆ. ಮಷೀನಿಗೆ ಇದು ತಿರುಗುಮುರುಗು: ಹೊರರಿಂಗು ಕೆಳಗೆ, ಅದರ ಮೇಲೆ ಆಸರೆಯ ಬ್ಯಾಕಿಂಗ್ ಪೇಪರು, ಅದರ ಮೇಲೆ ಬಟ್ಟೆ, ಕೊನೆಗೆ ಒಳರಿಂಗನ್ನು ಮೇಲಿನಿಂದ ಒತ್ತಬೇಕು. ಆಗಲೇ ಬಟ್ಟೆ ಮಷೀನಿನ ಹಲಗೆಗೆ ತಾಗಿ ಕೂರುತ್ತದೆ. ತಿರುಪನ್ನು ಮೊದಲೇ ಸಡಿಲಿಸಿ, ಒತ್ತಿದ ಮೇಲೆ ಬಿಗಿ ಮಾಡಿ. ಸುಕ್ಕಿದ್ದರೆ ಪೂರ್ಣ ಬಿಗಿಯುವ ಮುನ್ನ ಎಳೆಯ ದಿಕ್ಕಿನಲ್ಲಿ ಮೆಲ್ಲಗೆ ಸವರಿ. ಮೂಲೆಯ ಕಡೆ ಓರೆಯಾಗಿ ಜಗ್ಗಬೇಡಿ. ಬಿಗಿದ ಮೇಲಂತೂ ಜಗ್ಗಲೇಬಾರದು.

ಟೀ-ಶರ್ಟಿನ ಹೆಣಿಗೆ ಬಟ್ಟೆಗೆ, ಹರಿದು ತೆಗೆಯುವ ಪೇಪರು ಸಾಲದು. ಕತ್ತರಿಸಿ ತೆಗೆಯುವ ಗಟ್ಟಿ ಆಸರೆ ಬೇಕು. ಮಖಮಲ್ಲಿಗೆ ರಿಂಗಿನ ಅಚ್ಚು ಬೀಳುತ್ತದೆ; ಅಲ್ಲಿ ಆಸರೆಯನ್ನು ಮಾತ್ರ ರಿಂಗಿಗೆ ಹಾಕಿ, ಬಟ್ಟೆಯನ್ನು ಅದರ ಮೇಲಿಟ್ಟು ಕಚ್ಚಾ ಹೊಲಿಗೆಯಿಂದ ಹಿಡಿಸಿ. ಶರ್ಟಿನ ಬೆನ್ನು ಕೆಳಗೆ ಸಿಕ್ಕಿಲ್ಲವೆಂದು ಕೈಯಾಡಿಸಿ ನೋಡದೆ ಮಷೀನು ಓಡಿಸಬೇಡಿ. ಕೆಲಸ ಅರ್ಧಕ್ಕೆ ನಿಂತರೂ ರಾತ್ರಿಯಿಡೀ ಬಟ್ಟೆಯನ್ನು ರಿಂಗಿನಲ್ಲಿ ಬಿಡಬೇಡಿ.

ಕೊನೆಗೊಂದು ಪರೀಕ್ಷೆ. ರಿಂಗಿಗೆ ಹಾಕುವ ಮುನ್ನ, ಚಿತ್ರ ಬರುವ ಜಾಗದಲ್ಲಿ ಬಟ್ಟೆಗುರುತಿನ ಸುಣ್ಣದಿಂದ 5 ಸೆಂಟಿಮೀಟರಿನ ಚೌಕ ಬರೆಯಿರಿ. ಹಾಕಿದ ಮೇಲೆ ಮತ್ತೆ ಅಳೆಯಿರಿ. ಚೌಕ ಚೌಕವಾಗಿಯೇ, 5 ಸೆಂಟಿಮೀಟರೇ ಇದ್ದರೆ ಸೂಜಿ ಇಳಿಸಿ. ಉದ್ದವಾಗಿದ್ದರೆ, ಓರೆಯಾಗಿದ್ದರೆ, ಬೇಸರಪಡದೆ ಬಿಚ್ಚಿ ಮತ್ತೆ ಹಾಕಿ. ಬಿಚ್ಚಿ ಹಾಕಲು ಹಿಡಿಯುವುದು ಎರಡು ನಿಮಿಷ. ಕೆಟ್ಟ ಶರ್ಟಿನ ಸಾಲ ತೀರಿಸಲು ಹಲವು ದಿನ.

ನಮ್ಮ ಮನೆಯವರು ಈಗ ಪ್ರತಿ ಬಟ್ಟೆಗೂ ಚೌಕ ಬರೆಯುತ್ತಾರೆ. ಈ ವರ್ಷ ಮತ್ತೆ ಶಾಲೆಯ ಶರ್ಟುಗಳನ್ನು ತಂದರು. ಒಂದೂ ಹಿಂದಿರುಗಿ ಬರಲಿಲ್ಲ. ಬರುವ ಭಾನುವಾರ ತರಗತಿಗೆ ಬರುವಾಗ ತಾವೆಲ್ಲರೂ ಹಳೆಯ ಬಟ್ಟೆಯ ಒಂದು ಚೂರನ್ನು ತರಬೇಕೆಂದು ಅರಿಕೆ. ಕಲಿಕೆಯ ತಪ್ಪು ಚಿಂದಿಯ ಮೇಲಾಗಲಿ, ಗಿರಾಕಿಯ ಬಟ್ಟೆಯ ಮೇಲೆ ಬೇಡ.