ಅಭಿಮಾನವೂ ಪುರಾವೆಯೂ



ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ತಿಪ್ಪೆಗಳನ್ನು ಅಗೆದಾಗ ರಾಶಿರಾಶಿ ಪಪೈರಸ್ ಹಾಳೆಗಳು ಸಿಕ್ಕವು. ಅವುಗಳಲ್ಲಿ ಒಂದನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಅಚ್ಚು ಹಾಕಿಸಿದರು. ಅದು ಕ್ರಿಸ್ತಶಕ ಎರಡನೇ ಶತಮಾನದ ಗ್ರೀಕ್ ಪ್ರಹಸನ. ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕಡಲತೀರದ ರಾಜನೊಬ್ಬನ ಕೈಗೆ ಸಿಕ್ಕಿ ಚಂದ್ರದೇವಿಯ ಗುಡಿಯಲ್ಲಿ ಸೆರೆಯಾಗಿದ್ದಾಳೆ. ಆ ದೇವಿಗೆ ಅವಳನ್ನು ಬಲಿ ಕೊಡುವ ಯೋಚನೆ ರಾಜನದು. ಒಡಹುಟ್ಟಿದವನೂ ಒಬ್ಬ ಹಾಸ್ಯಗಾರನೂ ಬಂದು, ರಾಜನಿಗೂ ಅವನ ಆಳುಗಳಿಗೂ ನೀರು ಬೆರೆಸದ ಮದ್ಯ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಗ್ರೀಕ್ ನಾಟಕಕಾರ ಯೂರಿಪಿಡೀಸ್ ಬರೆದ ಇಫಿಗೇನಿಯಾಳ ಕಥೆಯನ್ನೇ ಇಲ್ಲಿ ನಗೆಯಾಟ ಮಾಡಿದ್ದಾರೆ.

ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಹಾಗಾದರೆ ಯಾವುದು? ಅದು ಕನ್ನಡವಿರಬಹುದು ಎಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಸ್ಚ್ ಹೇಳಿದರು. ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ ಜಗತ್ತಿಗೆ ಕೊಟ್ಟ ಆರ್. ಶಾಮಶಾಸ್ತ್ರಿಗಳು 1920ರ ದಶಕದಲ್ಲಿ ಅದನ್ನು ಕನ್ನಡವೆಂದೇ ಓದಿ, ಬಟ್ಟಲಿಗೆ ಮದ್ಯ ಸುರಿಯುವ ಮಾತು ಅದರಲ್ಲಿದೆ ಎಂದು ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದರು. ಅದು ತುಳು ಎಂದವರಿದ್ದಾರೆ. ಪರಭಾಷೆಯನ್ನು ಅಣಕಿಸಲು ಬರೆದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ.

ನಾನು ಕನ್ನಡಿಗ. ಅದು ಕನ್ನಡವೇ ಆಗಿರಲಿ ಎಂದು ನನ್ನ ಮನಸ್ಸು ಬಯಸುತ್ತದೆ. ಆದರೆ ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವೇ ಐದನೇ ಶತಮಾನದ್ದು. ಅದಕ್ಕೂ ಮುನ್ನೂರು ವರ್ಷ ಹಿಂದಿನ ಕನ್ನಡ ವಾಕ್ಯ ಹೇಗಿತ್ತು ಎಂದು ಒರೆಗೆ ಹಚ್ಚಿ ನೋಡಲು ನಮ್ಮ ಕೈಯಲ್ಲಿ ಬೇರೆ ಬರಹ ಇಲ್ಲ. ಶಾಮಶಾಸ್ತ್ರಿಗಳಿಗೆ ಆ ಹಾಳೆಯ ಹತ್ತಿರ ಹೋಗುವ ಧೈರ್ಯ ಕೊಟ್ಟದ್ದು ಕನ್ನಡದ ಬಲ. ಆದರೆ ಅವರ ಓದು ನಿಲ್ಲಬೇಕಾದರೆ ಭಾಷೆಯ ಅಭಿಮಾನ ಸಾಲದು, ಪುರಾವೆ ಬೇಕು. ಇವತ್ತು ಪದವಿ ಪಡೆಯುತ್ತಿರುವ ನಿಮಗೆ ನಾನು ಹೇಳಬೇಕೆಂದು ಬಂದದ್ದು ಇಷ್ಟೇ: ಪ್ರಶ್ನೆಯನ್ನು ನಿಮ್ಮ ಊರಿನಿಂದ ಎತ್ತಿಕೊಳ್ಳಿ, ಉತ್ತರವನ್ನು ಊರಿನ ಪರವಾಗಿ ತಿದ್ದಬೇಡಿ.

ಊರಿನಿಂದ ಎತ್ತಿಕೊಳ್ಳುವ ಪ್ರಶ್ನೆಗೆ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮಲ್ಲಿ ಎಷ್ಟೋ ಜನ ರೇಷ್ಮೆ ಹುಳು ಮನೆಯಲ್ಲೇ ಬೆಳೆದವರು. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ ಎದ್ದ ಹುಳು ಹೇಗೆ ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಅದರ ಮೈಯೊಳಗೆ ಒಂದು ಬೆರಗಿನ ಕೆಲಸ ನಡೆದಿರುತ್ತದೆ. ರೇಷ್ಮೆ ಗ್ರಂಥಿಯ ಜೀವಕೋಶಗಳು ಒಡೆದು ಹೆಚ್ಚುವುದಿಲ್ಲ. ಇದ್ದ ಕೋಶದೊಳಗೇ ಡಿಎನ್‌ಎ ಮಾತ್ರ ಮತ್ತೆ ಮತ್ತೆ ಇಮ್ಮಡಿಸಿ ಲಕ್ಷಾಂತರ ಪ್ರತಿಗಳಾಗುತ್ತದೆ. ನೂಲಿನ ಮುಖ್ಯ ಪ್ರೋಟೀನಾದ ಫೈಬ್ರೋಯಿನ್‌ನಲ್ಲಿ ಗ್ಲೈಸೀನ್, ಅಲನೀನ್ ಎಂಬ ಎರಡೇ ಅಮೈನೋ ಆಮ್ಲಗಳು ಸುಮಾರು ಮುಕ್ಕಾಲು ಪಾಲು. ಅಷ್ಟು ಗ್ಲೈಸೀನನ್ನು ಹೊತ್ತು ತಂದು ಜೋಡಿಸಲು ಅದಕ್ಕೆ ತಕ್ಕ ಟಿಆರ್‌ಎನ್‌ಎ ಅಣುಗಳೂ ರಾಶಿ ಬೇಕು. ಆ ಟಿಆರ್‌ಎನ್‌ಎ ಜೀನ್‌ಗಳು ಕೆಲಸ ಮಾಡುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಶೋಧಿಸಿದರು. ಹುಳು ಯಾವಾಗ ಹಣ್ಣಾಗುತ್ತದೆ, ಗೂಡು ಕಟ್ಟಲು ಯಾವಾಗ ಚಂದ್ರಿಕೆಗೆ ಬಿಡಬೇಕು ಎಂದು ಮೈಬಣ್ಣ ನೋಡಿ ಹೇಳುವ ನಿಮ್ಮ ಅಮ್ಮಂದಿರು ಕಣ್ಣಿನಲ್ಲಿ ಓದುವ ಬದಲಾವಣೆಯ ಹಿಂದೆ ರೇಷ್ಮೆ ಗ್ರಂಥಿಯ ಈ ಕೆಲಸವೂ ಇದೆ. ಆ ಕಣ್ಣನ್ನು ಪ್ರಯೋಗಾಲಯದ ಬಾಗಿಲ ಹೊರಗೆ ಬಿಟ್ಟು ಹೋಗಬೇಡಿ.

ವಿಜ್ಞಾನ ಓದಿದವರಿಗೆ ನಾಟಕ ಯಾಕೆ, ಕಲೆ ಓದಿದವರಿಗೆ ಆಕಾಶ ಯಾಕೆ ಎಂದು ಕೇಳುವವರಿದ್ದಾರೆ. ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಟೋಸ್ತನೀಸ್ ನೆರಳು ಅಳೆದು ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಗ್ರೀಕರ ಹಳೆಯ ಹಾಸ್ಯನಾಟಕಗಳ ಬಗ್ಗೆ ಗ್ರಂಥ ಬರೆದವನೂ ಅವನೇ.

ಅವನ ಲೆಕ್ಕವನ್ನು ನೀವು ಇಲ್ಲೇ ಮಾಡಬಹುದು. ಏಪ್ರಿಲ್ 22ರ ಆಸುಪಾಸು, ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ, ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಸೂರ್ಯ ನೆತ್ತಿಗೆ ನೇರ ಬರುತ್ತಾನೆ. ಯಳಂದೂರಿನ ಗೌರೀಶ್ವರ ಗುಡಿಯ ಹತ್ತಿರ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ, ನೆರಳು ಬುಡದಲ್ಲೇ ಅಡಗುತ್ತದೆ. ಬೀದರ್ ಹೆಚ್ಚುಕಡಿಮೆ ನಮ್ಮ ನೇರ ಉತ್ತರಕ್ಕಿದೆ. ಅಲ್ಲಿರುವ ಗೆಳೆಯರಿಗೂ ಅಂಥದ್ದೇ ಕೋಲು ನಿಲ್ಲಿಸಲು ಹೇಳಿ. ಅವರಿಗೆ ಸುಮಾರು 10 ಸೆಂಟಿಮೀಟರ್ ನೆರಳು ಸಿಗುತ್ತದೆ, ಅಂದರೆ ಅಲ್ಲಿ ಸೂರ್ಯ ನೆತ್ತಿಯಿಂದ ಆರು ಡಿಗ್ರಿಗೆ ತುಸು ಕಡಿಮೆ ಸರಿದಿರುತ್ತಾನೆ. ನೇರ ದೂರ ಸುಮಾರು 640 ಕಿಲೋಮೀಟರ್. ಈಗ 360 ಡಿಗ್ರಿಗೆ ಎಷ್ಟು ಎಂದು ಗುಣಿಸಿ ನೋಡಿ, 40,000 ಕಿಲೋಮೀಟರಿಗೆ ಹತ್ತಿರ ಬರುತ್ತೀರಿ. ಕೋಲು ವಾಲಿದ್ದರೆ ಲೆಕ್ಕ ತಪ್ಪುತ್ತದೆ. ತಪ್ಪಿದರೆ ತಪ್ಪಿದ ಸಂಖ್ಯೆಯನ್ನೇ ಬರೆದಿಡಿ, ಪುಸ್ತಕದಲ್ಲಿರುವ ಸಂಖ್ಯೆಗೆ ಎಳೆದು ಹೊಂದಿಸಬೇಡಿ.

ಕೊನೆಗೆ ಒಂದು ಕೋರಿಕೆ. ಆ ಗ್ರೀಕ್ ಪ್ರಹಸನದ ಪಪೈರಸ್‌ನಲ್ಲಿ ಮಾತಿನ ನಡುವೆ ವಾದ್ಯ ಎಲ್ಲಿ ಬಾರಿಸಬೇಕು ಎಂದು ಸೂಚಿಸುವ ಗುರುತುಗಳೂ ಇವೆ ಎಂದು ವಿದ್ವಾಂಸರು ಹೇಳುತ್ತಾರೆ. ಹನೂರಿನ ಕಡೆಯ ಮಕ್ಕಳು ಮಾದಪ್ಪನ ಬೆಟ್ಟದಲ್ಲಿ ದೇವರಗುಡ್ಡರ ಕಂಸಾಳೆ ಕೇಳಿಕೊಂಡು ಬೆಳೆದವರು. ಕಥೆ ಎಲ್ಲಿ ನಿಂತು ಸೊಲ್ಲು ಎಲ್ಲಿ ಏಳುತ್ತದೆ, ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದು ನಿಮ್ಮ ಕಿವಿಗೆ ಗೊತ್ತು. ನಿಮ್ಮಲ್ಲಿ ಒಬ್ಬರಾದರೂ ಗ್ರೀಕ್ ಕಲಿಯಿರಿ, ಹಳಗನ್ನಡವನ್ನೂ ತುಳುವನ್ನೂ ಶಾಸ್ತ್ರೀಯವಾಗಿ ಓದಿ, ಆ ಕಿವಿಯಿಟ್ಟುಕೊಂಡು ಆ ಹಾಳೆಯ ಮುಂದೆ ಕುಳಿತುಕೊಳ್ಳಿ. ಅಲ್ಲಿ ಕನ್ನಡ ಸಿಕ್ಕರೆ ನಮಗೆಲ್ಲ ಹಬ್ಬ. ಇಲ್ಲವೆಂದು ತಿಳಿದುಬಂದರೆ ಅದನ್ನೂ ಅಷ್ಟೇ ಶ್ರದ್ಧೆಯಿಂದ, ಕನ್ನಡದಲ್ಲೇ ಬರೆದು ಪ್ರಕಟಿಸಿ.