ಹಳಿ ಕಿತ್ತ ದಾರಿಯಲ್ಲಿ ಸೈಕಲ್ ಪ್ರವಾಸ



ನ್ಯೂಜಿಲೆಂಡಿನ ಒಟಾಗೊ ಸೀಮೆಯಲ್ಲಿ ಕ್ಲೈಡ್‌ನಿಂದ ಮಿಡಲ್‌ಮಾರ್ಚ್‌ವರೆಗಿನ ರೈಲು ಮಾರ್ಗ 1990ರಲ್ಲಿ ಮುಚ್ಚಿತು. ಹಳಿಗಳನ್ನು ಕಿತ್ತರು. ಮಾರ್ಗದ ನೆಲವನ್ನು 1993ರಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ವಹಿಸಿಕೊಂಡಿತು. 2000ದಲ್ಲಿ ಅದು ಸೈಕಲ್ ಸವಾರರ ಹಾದಿಯಾಯಿತು.

ಉದ್ದ 152 ಕಿ.ಮೀ. ಉಗಿಬಂಡಿಗೆಂದು ಹದಗೊಳಿಸಿದ ಏರಾದ್ದರಿಂದ ಸಾಮಾನ್ಯ ಸವಾರರೂ ಸಾಗಬಲ್ಲರು. ಆತುರ ಬೇಡ, ನಾಲ್ಕು ದಿನಗಳನ್ನು ಮೀಸಲಿಡಿ. ದಿನದ ಪಯಣವನ್ನು ಕಿಲೋಮೀಟರುಗಳಿಂದಲ್ಲ, ಊಟ-ವಸತಿ ದೊರೆಯುವ ಊರುಗಳಿಂದ ನಿರ್ಧರಿಸಿ. ತಂಗುವ ಸ್ಥಳವನ್ನು ಮೊದಲೇ ಗೊತ್ತುಪಡಿಸಿ. ನೆರಳು ವಿರಳ, ನೀರು ಜೊತೆಗಿರಲಿ. ಪೂಲ್‌ಬರ್ನ್ ಕಮರಿಯ ಸುರಂಗಗಳಿಗೆ ಟಾರ್ಚ್ ಅವಶ್ಯ.

ರೈಲು ನಿಂತ ಮೇಲೆ ಸೊರಗಿದ್ದ ಊರುಗಳಿಗೆ ಈ ನಿಧಾನದ ಪ್ರಯಾಣಿಕರು ಆಸರೆಯಾದರು. ನೆಲ ಇಡಿಯಾಗಿ ಉಳಿದುದರಿಂದಲೇ ಇದು ಸಾಧ್ಯವಾಯಿತು. ಒಮ್ಮೆ ತುಂಡಾಗಿ ಹಂಚಿಹೋದ ಮಾರ್ಗವನ್ನು ಮತ್ತೆ ಕೂಡಿಸುವುದು ಬಲು ಕಷ್ಟ. ಎಲ್ಲಿಯೇ ಹಳೆಯ ಮಾರ್ಗ ಮುಚ್ಚಿದರೂ ಅದರ ನೆಲ ಯಾರ ಕೈ ಸೇರುತ್ತದೆಂದು ನಾವು ಮೊದಲು ವಿಚಾರಿಸಬೇಕು.